ಕಿವಿಯ ಚಿತ್ರದ ಗುಂಡಿ

ನಿನ್ನೆಯವರೆಗೂ ರೆಕಾರ್ಡಿಂಗ್ ಚೊಕ್ಕಟ ಮಾಡುವ ಆ ಪ್ಲಗ್‌ಇನ್ನಿನಲ್ಲಿ ಎರಡು ದೊಡ್ಡ ಗುಂಡಿಗಳಿದ್ದವು. ಒಂದರ ಮೇಲೆ ‘ಮಾತು’, ಇನ್ನೊಂದರ ಮೇಲೆ ‘ಗದ್ದಲ’. ಯಾವುದನ್ನು ಒತ್ತಿದರೆ ರೆಕಾರ್ಡಿಂಗಿನಲ್ಲಿ ಅದಷ್ಟೇ ಉಳಿಯುತ್ತಿತ್ತು. ಈ ದಿನ ಕಂಪ್ಯೂಟರ್ ತೆರೆದರೆ ಅದು ತಾನಾಗಿಯೇ ಅಪ್‌ಡೇಟ್ ಆಗಿ ಅಕ್ಷರಗಳೆಲ್ಲ ಮಾಯ! ಬೂದು ಪರದೆಯ ಮೇಲೆ ಬೂದು ಬಣ್ಣದ ಒಂದೇ ಒಂದು ಕಿವಿಯ ಚಿತ್ರ. ಹೊತ್ತಿದ್ದರೆ ಒಂದರ್ಥ, ಆರಿದ್ದರೆ ಇನ್ನೊಂದು. ಹೊತ್ತಿದೆಯೋ ಆರಿದೆಯೋ ನೋಡಿ ಹೇಳುವುದು ಎಮ್ಮೆ ಹಿಂಡಿನಲ್ಲಿ ಕಪ್ಪು ಎಮ್ಮೆ ಹುಡುಕಿದಷ್ಟೇ ಸುಲಭ.

ಕಾಲೇಜಿನ ಧ್ವನಿ ಸಹಾಯಕ, ಎಲ್ಲರ ಬಾಯಲ್ಲೂ ಮೈಕಪ್ಪ, ತಲೆಯ ಮೇಲೆ ಕೈ ಹೊತ್ತು ಕೂತ. ಪ್ರಿನ್ಸಿಪಾಲರು ನಿನ್ನೆ ಎರಡು ಗಂಟೆ ಮಾಡಿದ ಭಾಷಣವನ್ನು ಅವನೇ ರೆಕಾರ್ಡ್ ಮಾಡಿದ್ದ. ಅದನ್ನು ಚೊಕ್ಕಟ ಮಾಡಿ ನಾಲ್ಕು ಗಂಟೆಗೆ ಆಡಳಿತ ಮಂಡಳಿಯವರಿಗೆ ಕೇಳಿಸಬೇಕು. ಅವನ ಆರು ವರ್ಷದ ಹಂಗಾಮಿ ಕೆಲಸ ಕಾಯಂ ಆಗುವುದೂ ಪ್ರಿನ್ಸಿಪಾಲರ ಕೈಯಲ್ಲೇ ಇತ್ತು.

ಒತ್ತಿ, ಕೇಳಿ, ಮತ್ತೆ ಒತ್ತಿ, ನಾಲ್ಕಕ್ಕೆ ಐದು ನಿಮಿಷವಿದ್ದಾಗ ಅಂತೂ ಹೆಡ್‌ಫೋನಿನಲ್ಲಿ ಪ್ರಿನ್ಸಿಪಾಲರ ದನಿ ಗಂಟೆ ಹೊಡೆದ ಹಾಗೆ ಕೇಳಿತು. ಅಷ್ಟರಲ್ಲಿ ಟೈಪಿಸ್ಟ್ ಅಕ್ಕ, ಅವರ ಹಿಂದೆ ಲೈಬ್ರರಿ ಮೇಷ್ಟ್ರು ಒಳಗೆ ಬಂದರು.

“ಆಯ್ತೇನಪ್ಪಾ? ಎಲ್ರೂ ಬಂದು ಕೂತಿದ್ದಾರೆ,” ಎಂದರು ಅಕ್ಕ. “ಇದೇನು, ಕಿವಿ?”

“ಕಿವಿ ಅಂದ್ರೆ ಕೇಳೋದು. ಹೊತ್ತಿಸ್ಬೇಕು,” ಎಂದರು ಮೇಷ್ಟ್ರು.

“ಸುಮ್ನಿರಿ ಸಾರ್. ಹೊತ್ಕೊಂಡ್ರೆ ಅಪಾಯ ಅಂತ. ಆರಿಸ್ಬೇಕು,” ಎಂದರು ಅಕ್ಕ.

“ಅದು ಸರಿಯಾಗೇ ಇದೆ, ದಮ್ಮಯ್ಯ, ಮುಟ್ಬೇಡಿ!” ಎಂದು ಮೈಕಪ್ಪ ಕೈ ಮುಗಿದ.

“ಮುಟ್ತಾ ಇಲ್ಲಪ್ಪ, ತೋರಿಸ್ತಾ ಇದ್ದೀನಿ, ಇದೇ ತಾನೆ?” ಎಂದು ಮೇಷ್ಟ್ರು ಬೆರಳಿಟ್ಟರು. ಅದು ಮುಟ್ಟಿದರೆ ಕೆಲಸ ಮಾಡುವ ಪರದೆ. ಕಿವಿ ಬೂದಿನಿಂದ ಬೂದಿಗೆ ತಿರುಗಿತು. ಮೂವರೂ ನೋಡುತ್ತಲೇ ಇದ್ದರು, ಒಬ್ಬರಿಗೂ ಗೊತ್ತಾಗಲಿಲ್ಲ.

ಇನ್ನೊಮ್ಮೆ ಕೇಳಿ ನೋಡಲು ಹೊತ್ತಿರಲಿಲ್ಲ. ಮೈಕಪ್ಪ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಸಭಾಂಗಣಕ್ಕೆ ಓಡಿದ.

ಮುಂದಿನ ಸಾಲಿನಲ್ಲಿ ಮಂಡಳಿಯ ಹನ್ನೆರಡು ಜನ, ನಡುವೆ ಪ್ರಿನ್ಸಿಪಾಲರು. ಸ್ಪೀಕರಿನಿಂದ ಮೊದಲು ಬಂದದ್ದು ಒಂದು ಕೆಮ್ಮು. ಆಮೇಲೆ ಕುರ್ಚಿ ಎಳೆದ ಸದ್ದು. ಆಮೇಲೆ ಯಾರೋ ಮೂಗು ಸೀಟಿದರು. ಭಾಷಣದ ಒಂದು ಅಕ್ಷರವೂ ಇಲ್ಲ. ಮೈಕಪ್ಪ ನಿಲ್ಲಿಸಲು ಕೈ ಚಾಚಿದ. ಅಷ್ಟರಲ್ಲಿ ಸಭಾಂಗಣದ ತುಂಬ ಒಂದು ಪಿಸುಮಾತು ತೇಲಿಬಂತು:

“ಅಯ್ಯೋ ದೇವ್ರೇ, ಈ ಮುದುಕಪ್ಪನ ಬಾಯಿಗೆ ಬೀಗ ಹಾಕೋರು ಯಾರೂ ಇಲ್ವಾ?”

ಅದು ಮೈಕಪ್ಪನದೇ ದನಿ. ನಿನ್ನೆ ಮೈಕಿನ ಪಕ್ಕ ಕೂತು ಬೇಸರದಲ್ಲಿ ತನ್ನಷ್ಟಕ್ಕೇ ಗೊಣಗಿಕೊಂಡದ್ದು! ಪ್ಲಗ್‌ಇನ್ನಿನ ಲೆಕ್ಕದಲ್ಲಿ ಪಿಸುಮಾತೂ ಗದ್ದಲವೇ. ಅವನು ರೆಕಾರ್ಡಿಂಗ್ ನಿಲ್ಲಿಸಿದ.

ಪ್ರಿನ್ಸಿಪಾಲರು ಎದ್ದು ನಿಂತರು. ಮುಖ ಕೆಂಡವಾಗಿತ್ತು. ಆದರೆ ಬೈದದ್ದು ಅವನನ್ನಲ್ಲ.

“ಮೈಕಪ್ಪ, ಒಳ್ಳೇ ಕೆಲಸ ಮಾಡಿದೆ. ಹಾವಿನಂಥವನನ್ನ ಬಿಲದಿಂದ ಎಳೆದು ಹಾಕಿದ್ದೀಯ. ನಿನ್ನ ಕೆಲಸ ಇವತ್ತಿಂದಲೇ ಕಾಯಂ, ಎಲ್ಲರ ಎದುರಿಗೇ ಹೇಳ್ತಿದ್ದೀನಿ. ಆ ದನಿ ಯಾರದು ಅಂತ ನಾಳೆಯೊಳಗೆ ಪತ್ತೆ ಮಾಡು, ಅವನನ್ನ ಮನೆಗೆ ಕಳಿಸ್ತೀನಿ. ಏನಂತೀಯ?”

ಮೈಕಪ್ಪನಿಗೆ ಹೋದ ಜೀವ ಬಂದಂತಾಯಿತು. ಕಣ್ಣು ತುಂಬಿಬಂತು. ಗಂಟಲು ಮಾತ್ರ ಹೆದರಿಕೆಗೆ ಒಣಗಿ ಹೋಗಿತ್ತು. ಎಷ್ಟು ಪ್ರಯತ್ನಿಸಿದರೂ ದನಿ ಹೊರಡದೆ ಬರೀ ಪಿಸುಮಾತು ಬಂತು:

“ಅಯ್ಯೋ ದೇವ್ರೇ... ಆಗ್ಲಿ ಸಾರ್.”

ಮುಂದಿನ ಸಾಲಿನ ಹದಿಮೂರು ತಲೆಗಳೂ ಒಟ್ಟಿಗೇ ಅವನ ಕಡೆ ತಿರುಗಿದವು.