ನನ್ನ ಕಾರಿಗೆ ಬಾವಿಯ ಇಂಜಿನ್ ಕೂಡಿಸಿದ್ದು

ಯಾರ ಏಳಿಗೆ ಕಂಡೂ ಹೊಟ್ಟೆಕಿಚ್ಚು ಪಡುವ ಸ್ವಭಾವ ನನ್ನದಲ್ಲ. ಬೇಕಾದರೆ ನಮ್ಮ ದುಮ್ಮವಾಡದಲ್ಲಿ ಯಾರನ್ನಾದರೂ ಕೇಳಿ. ಪಕ್ಕದ ಹೊಲದವನಿಗೆ ನನಗಿಂತ ಹೆಚ್ಚು ಹತ್ತಿ ಬಂದರೆ ನಾನೇ ಹೋಗಿ ಸಂತೋಷಪಟ್ಟು ಬರುತ್ತಿದ್ದೆ. ಆದರೆ ಶಿವಲಿಂಗಪ್ಪನ ವಿಷಯ ಬೇರೆ. ಅವನು ನನ್ನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಷಡ್ಡಕನ ಮೇಲೂ ಹೊಟ್ಟೆಕಿಚ್ಚು ಪಡಬಾರದು ಎಂದರೆ ಮನುಷ್ಯ ಬದುಕುವುದಾದರೂ ಹೇಗೆ?

ಶಿವಲಿಂಗಪ್ಪ ಹುಬ್ಬಳ್ಳಿಯಲ್ಲಿ ಹತ್ತಿ ದಲಾಲಿ ಮಾಡುತ್ತಿದ್ದ. ಎಪ್ಪತ್ತರ ದಶಕದ ನಡುವೆ ಒಂದು ವರ್ಷ ಅವನು ಕಾರು ಕೊಂಡ. ಹಾಲಿನಂಥ ಬಿಳಿ ಕಾರು. ಅದನ್ನು ತಂಬೂರಿನಲ್ಲಿ ನಮ್ಮ ಮಾವನ ಮನೆ ಮುಂದೆ ತಂದು ನಿಲ್ಲಿಸಿದ ದಿನ ನಾನೂ ಅಲ್ಲಿದ್ದೆ. ನಾನು ಬಸ್ಸಿನಲ್ಲಿ ಹೋಗಿದ್ದೆ. ಅತ್ತೆ ಉಪ್ಪು, ಮೆಣಸಿನಕಾಯಿ ಹಿಡಿದು ಬಂದು ಕಾರಿಗೆ ನಿವಾಳಿಸಿ ದೃಷ್ಟಿ ತೆಗೆದರು. ಯಾರ ದೃಷ್ಟಿ ಎಂಬುದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಊಟಕ್ಕೆ ಕುಳಿತಾಗ ಮಾವ ಕಿರಿ ಮಗಳು ಶಾಂತವ್ವನ ಮದುವೆಯ ಮಾತು ತೆಗೆದರು. ದೀಪಾವಳಿ ಆದ ಮೇಲೆ ಮುಹೂರ್ತ.

"ಮದುಮಕ್ಕಳನ್ನ ಈ ಸಲ ಕಾರಿನ್ಯಾಗ ಮೆರಸೂಣು" ಎಂದರು. "ಅಳಿಯಂದ್ರದ್ದ ಕಾರ್ ಐತಲ್ಲ."

ಮನೆಗೆ ಇಬ್ಬರು ಅಳಿಯಂದಿರು. ಮಾವ ನೋಡಿದ್ದು ಒಬ್ಬನನ್ನೇ. ಆ ಒಬ್ಬನ ಹೋಳಿಗೆಯ ಮೇಲೆ ಅತ್ತೆ ಇನ್ನೊಂದು ಚಮಚ ತುಪ್ಪ ಸುರಿದರು. ನನ್ನ ಎಲೆಗೆ ಬಂದಾಗ ತುಪ್ಪದ ಗಿಂಡಿ ಖಾಲಿಯಾಗಿತ್ತು. ಬಾಯಿಗೆ ಬಂದದ್ದು ಹಾಗೇ ಹೊರಗೆ ಬಂತು.

"ನಂದೂ ಒಂದು ಕಾರ್ ಬರತೈತ್ರಿ ಮಾವಾರ."

ನನ್ನ ಹೆಂಡತಿ ನೀಲವ್ವ ಬಡಿಸುತ್ತಿದ್ದವಳು ಸೌಟು ಹಿಡಿದು ಹಾಗೇ ನಿಂತಳು. ಮಾವನಿಗೆ ಮಾತ್ರ ಬಹಳ ಖುಷಿಯಾಯಿತು.

"ಹಂಗಾರ ಛಲೋನ ಆತು. ಯಾರದು ಚಂದ ಕಾಣತೈತಿ, ಅದರಾಗ ಕೂಡ್ರಸೂಣು."

ಹೀಗೆ ನನ್ನ ಮಾನ, ಮರ್ಯಾದೆ, ಅತ್ತೆಯ ಮನೆಯ ತುಪ್ಪ ಎಲ್ಲವೂ ಒಂದು ಕಾರಿಗೆ ಕಟ್ಟಿ ಬಿದ್ದವು. ಕಾರೊಂದು ಇರಲಿಲ್ಲ, ಅಷ್ಟೇ.

ಧಾರವಾಡದಲ್ಲಿ ನಮ್ಮ ಪರಿಚಯದ ಮುಪ್ಪಿನ ಡಾಕ್ಟರೊಬ್ಬರ ಮನೆಯ ಹಿತ್ತಲಲ್ಲಿ ಸ್ವಾತಂತ್ರ್ಯಕ್ಕೂ ಮೊದಲಿನ ವಿಲಾಯತಿ ಕಾರೊಂದು ಬಿದ್ದಿತ್ತು. ಒಯ್ದರೆ ಉಪಕಾರವಾಯಿತು ಎಂದರು ಅವರು. ಎರಡು ಎತ್ತು ಕಟ್ಟಿ ಎಳೆದುಕೊಂಡು ಬಂದೆ. ಬಾನೆಟ್ ತೆರೆದರೆ ಇಂಜಿನ್ನಿನಲ್ಲಿ ಇಲಿಗಳ ಸಂಸಾರ. ಹ್ಯಾಂಡಲ್ ಹಾಕಿ ತಿರುವಿದರೆ ಅದು ಜಪ್ಪಯ್ಯ ಎನ್ನಲಿಲ್ಲ.

ನಾನು ಎದೆಗುಂದಲಿಲ್ಲ. ಸರ್ಕಾರ ಪಂಚವಾರ್ಷಿಕ ಯೋಜನೆ ಹಾಕುತ್ತಿದ್ದ ಕಾಲ ಅದು. ನಾನೂ ಒಂದು ಯೋಜನೆ ಹಾಕಿದೆ. ಪಡಸಾಲೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದೆ: ಮೊದಲು ಬಾಡಿಯನ್ನು ಕೆಳಗಿನ ಚೌಕಟ್ಟಾದ ಚಾಸಿಯಿಂದ ಪೂರ್ತಿ ಬೇರ್ಪಡಿಸತಕ್ಕದ್ದು. ತರುವಾಯ ಚಾಸಿಯ ತುಕ್ಕು ಉಜ್ಜಿ ಬಣ್ಣ ಹಚ್ಚತಕ್ಕದ್ದು. ತದನಂತರ ನೂತನ ಇಂಜಿನ್ ಸ್ಥಾಪಿಸತಕ್ಕದ್ದು. ಕೊನೆಗೆ ಬಾಡಿಯನ್ನು ಯಥಾಸ್ಥಾನದಲ್ಲಿ ಕೂಡಿಸತಕ್ಕದ್ದು. ಕೆಳಗೆ ಕಾರಿನ ಚಿತ್ರ ಬಿಡಿಸಿ ಯಾವ ಬೋಲ್ಟು ಯಾವ ತೂತಿನದು ಎಂದು ಗುರುತು ಹಾಕಿದೆ. ಬಿಚ್ಚಿದ ಬೋಲ್ಟುಗಳನ್ನು ಆ ಚಿತ್ರದ ಬುಡದಲ್ಲೇ ಗುಂಪು ಗುಂಪಾಗಿ ಇಟ್ಟೆ. ಇಷ್ಟು ಶಿಸ್ತು ಹುಬ್ಬಳ್ಳಿಯವರಿಗೆ ಎಲ್ಲಿಂದ ಬರಬೇಕು?

ಸಹಾಯಕ್ಕೆ ನೆರೆಮನೆಯ ಫಕ್ಕೀರಪ್ಪ ಇದ್ದ. ಅವನು ಒಂದು ಕಾಲಕ್ಕೆ ಲಾರಿ ಕ್ಲೀನರ್ ಆಗಿದ್ದವನು. ಎಂಥ ತೊಡಕು ಬಂದರೂ "ಆಗತೈತಿ ತಗೋರಿ" ಎನ್ನುವುದು ಅವನ ವಿದ್ಯೆ. ಓಣಿಯ ಗಂಡಸರೆಲ್ಲ ಸೇರಿ, ಹುಣಸೆ ಮರಕ್ಕೆ ಹಗ್ಗ ಹಾಕಿ, ಬಾಡಿಯನ್ನು ಎತ್ತಿ ಅಂಗಳದಲ್ಲಿ ಇಳಿಸಿದೆವು. ಮರುದಿನದಿಂದಲೇ ನೀಲವ್ವ ಅದನ್ನು ಮನೆಯ ಒಂದು ಕೋಣೆ ಎಂದು ತಿಳಿದಳು. ಮೇಲೆ ಸಂಡಿಗೆ ಒಣಹಾಕಿದಳು. ಒಳಗೆ ಸೀಟಿನ ತುಂಬ ಒಣಮೆಣಸಿನಕಾಯಿ ಸುರಿದಳು.

ಇನ್ನು ಇಂಜಿನ್. ಒಂದು ದಿನ ಹೊಲದ ಬಾವಿಯ ಕಟ್ಟೆಯ ಮೇಲೆ ಕುಳಿತು ಚಿಂತಿಸುತ್ತಿದ್ದೆ. ಬಾಜೂಕೆ ನನ್ನ ಡೀಸೆಲ್ ಪಂಪಿನ ಇಂಜಿನ್ ಡುಗುಡುಗು ಎನ್ನುತ್ತಿತ್ತು. ತಲೆಯಲ್ಲಿ ದೀಪ ಹತ್ತಿತು. ಅಷ್ಟು ಆಳದಿಂದ ನೀರನ್ನು ಮೇಲೆ ಎತ್ತುವ ಇಂಜಿನ್ನಿಗೆ, ಸಪಾಟ ರಸ್ತೆಯ ಮೇಲೆ ಇಬ್ಬರು ಮದುಮಕ್ಕಳನ್ನು ಎಳೆಯುವುದು ಯಾವ ದೊಡ್ಡ ಕೆಲಸ?

"ಮೆಣಸಿನ ಗಿಡಕ್ಕ ನೀರು ಯಾರು ಬಿಡಾವ್ರು?" ಎಂದಳು ನೀಲವ್ವ.

"ಮದುವಿ ಆದಮ್ಯಾಲೆ ಬಿಟ್ಟರಾತು."

"ಗಿಡಕ್ಕ ಹೇಳಿ ಬರ್ರಿ, ಅಲ್ಲೀತನಕ ತಡೀರಿ ಅಂತ."

ಕಂಬಾರನಿಂದ ಒಂದು ಕಬ್ಬಿಣದ ಪಟ್ಟಿ ಬಡಿಸಿ ಇಂಜಿನ್ನನ್ನು ಗೇರ್ ಪೆಟ್ಟಿಗೆಗೆ ಜೋಡಿಸಿದೆವು. ಅದು ಎಷ್ಟು ಎತ್ತರವಿತ್ತೆಂದರೆ ಬಾನೆಟ್ ಮುಚ್ಚುವಂತಿರಲಿಲ್ಲ. ಬಾನೆಟ್ ತೆಗೆದು ಅಟ್ಟದ ಮೇಲೆ ಇಟ್ಟೆವು. ಇಂಜಿನ್ನಿನ ಅಗಲವಾದ ಎರಡು ಗಾಲಿಗಳು ಎರಡೂ ಕಡೆ ಹೊರಗೆ ಚಾಚಿಕೊಂಡವು. ಬಾವಿಯ ಹತ್ತಿರ ಇದ್ದಾಗ ತಾನು ಎತ್ತಿದ ನೀರಿನಿಂದಲೇ ಅದು ತಣ್ಣಗಾಗುತ್ತಿತ್ತು. ರಸ್ತೆಯ ಮೇಲೆ ಬಾವಿ ಎಲ್ಲಿಂದ ತರುವುದು? ಕಾರಿನ ನೆತ್ತಿಯ ಮೇಲೆ ನೀರಿನ ಬ್ಯಾರಲ್ ಕೂಡಿಸುವುದೆಂದು ನಿರ್ಣಯವಾಯಿತು. ಬಾಡಿ ಕೂಡಿಸಿದ ಮೇಲೆ ಒಳಗೆ ಕುಳಿತರೆ ನನಗೆ ಇಂಜಿನ್ ಬಿಟ್ಟು ಮುಂದಿನದೇನೂ ಕಾಣುತ್ತಿರಲಿಲ್ಲ. ಕಿಟಕಿಯಿಂದ ಕತ್ತು ಹೊರಗೆ ಹಾಕಿದರೆ ಅರ್ಧ ರಸ್ತೆ ಕಾಣುತ್ತಿತ್ತು. ಅರ್ಧ ರಸ್ತೆ ಸಾಕು ಎಂದ ಫಕ್ಕೀರಪ್ಪ.

ಬಾಡಿ ಕೂಡಿಸುವ ಹೊತ್ತಿಗೆ ದೀಪಾವಳಿ ಬಂತು. ದೀಪಾವಳಿಗೆ ನಮ್ಮ ಕಡೆ ಮನೆಗೆ ಸುಣ್ಣ ಬಳಿಯುತ್ತಾರೆ. ನಾನು ಸಂತೆಯಿಂದ ಬರುವಷ್ಟರಲ್ಲಿ ಪಡಸಾಲೆಯ ಗೋಡೆ ಶಿವಲಿಂಗಪ್ಪನ ಕಾರಿನಂತೆ ಬೆಳ್ಳಗೆ ಹೊಳೆಯುತ್ತಿತ್ತು. ಬೋಲ್ಟುಗಳೆಲ್ಲ ಒಂದೇ ಬುಟ್ಟಿಯಲ್ಲಿದ್ದವು.

"ನನ್ನ ಯೋಜನಾ ಎಲ್ಲಿ?" ಎಂದೆ.

"ಅಲ್ಲೇ ಐತ್ರಿ, ಸುಣ್ಣದ ಕೆಳಗ" ಎಂದಳು ನೀಲವ್ವ.

ನೆನಪಿದ್ದಷ್ಟು ಬೋಲ್ಟು ಹಾಕಿ ಬಿಗಿದೆವು. ಅರ್ಧ ಬುಟ್ಟಿ ಉಳಿಯಿತು.

"ವಿಲಾಯತಿ ಮಂದಿ ಹೆಚ್ಚಿಗಿನ ಹಾಕಿರತಾರ್ರಿ" ಎಂದು ಫಕ್ಕೀರಪ್ಪ ಸಮಾಧಾನ ಹೇಳಿದ. ಶಿವಲಿಂಗಪ್ಪನ ಮುಖ ನೆನೆಸಿಕೊಂಡು ನಾನು ಒಪ್ಪಿಕೊಂಡೆ.

ಮದುವೆಯ ದಿನ ಬೆಳಿಗ್ಗೆ ನಮ್ಮ ಸವಾರಿ ಹೊರಟಿತು. ಮುಂದೆ ನಾನು ಮತ್ತು ಫಕ್ಕೀರಪ್ಪ, ಹಿಂದೆ ರೇಷ್ಮೆ ಸೀರೆಯಲ್ಲಿ ನೀಲವ್ವ. ಇಂಜಿನ್ ನಡುಗಿದಂತೆ ಕಾರು ನಡುಗಿತು, ಕಾರು ನಡುಗಿದಂತೆ ಸೀಟು ನಡುಗಿತು, ಸೀಟಿನ ಸಂದಿಯಲ್ಲಿದ್ದ ಮೆಣಸಿನಪುಡಿ ಮೇಲೆದ್ದಿತು. ಕಲಘಟಗಿ ಮುಟ್ಟುವವರೆಗೆ ಮೂವರೂ ಸೀನಿದೆವು. ಕಲಘಟಗಿಯಲ್ಲಿ ಜನ ಅಂಗಡಿ ಬಿಟ್ಟು ಹೊರಗೆ ಬಂದು ನಿಂತು ನೋಡಿದರು. ನನ್ನ ಎದೆ ಉಬ್ಬಿತು. ಶಿವಲಿಂಗಪ್ಪನ ಕಾರನ್ನು ಯಾರು ಹೀಗೆ ನೋಡುತ್ತಾರೆ?

ತಂಬೂರಿನ ಹಾದಿಯಲ್ಲಿ ಒಂದು ಎತ್ತಿನ ಗಾಡಿ ನಮ್ಮನ್ನು ಹಿಂದೆ ಹಾಕಿತು. ಅದಾದ ಮೇಲೆ ಹಾರ್ನ್ ಕೇಳಿತು. ಬಿಳಿ ಕಾರು. ಶಿವಲಿಂಗಪ್ಪ ಕಾರು ನಿಧಾನ ಮಾಡಿ ಕಿಟಕಿಯಿಂದ ಮುಖ ತೂರಿಸಿದ.

"ಏನಪಾ ಈರಪ್ಪಾ, ಗಿರಣಿ ಎಲ್ಲಿಗೆ ಒಯ್ಯಾಕತ್ತಿ?"

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಸೀನು ಬಂತು. ಅವನು ಮುಂದೆ ಹೋದ. ಆದರೆ ಅವನ ಕಾರು ಹಾದಿಯ ಕೆಂಪು ಧೂಳು ಮೆತ್ತಿಕೊಂಡು ತನ್ನ ಬಣ್ಣವನ್ನೇ ಕಳೆದುಕೊಂಡಿತ್ತು. ಅದನ್ನು ನೋಡಿ ನನಗೆ ಬಹಳ ಸಮಾಧಾನವಾಯಿತು. ನನ್ನದಕ್ಕೆ ಹೊಸ ನೀಲಿ ಬಣ್ಣ. ಬ್ಯಾರಲ್ ತುಳುಕಿ ತುಳುಕಿ ಅದು ತಾನೇ ತೊಳೆದುಕೊಳ್ಳುತ್ತಿತ್ತು. ಇನ್ನೂ ಆಟ ಮುಗಿದಿಲ್ಲ ಎಂದುಕೊಂಡು ಇಂಜಿನ್ ಜೋರು ಮಾಡಿದೆ.

"ರೀ" ಎಂದಳು ನೀಲವ್ವ ಹಿಂದಿನಿಂದ. "ಕೆಳಗಿಂದು ಒಂದು ಕಡೆ ಹೊಂಟೈತಿ, ಮ್ಯಾಲಿಂದು ಒಂದು ಕಡೆ ಹೊಂಟೈತಿ."

ನಿಜ. ಬಾಡಿ ಚಾಸಿಯ ಮೇಲೆ ಗೇಣಷ್ಟು ಹಿಂದೆ ಸರಿದಿತ್ತು. ಸ್ಟೇರಿಂಗ್ ನನ್ನಿಂದ ದೂರ ದೂರ ಹೋಗುತ್ತಿತ್ತು. ಫಕ್ಕೀರಪ್ಪ ಇಳಿದು ಹಿಂದಿನಿಂದ ಬಾಡಿಯನ್ನು ಒತ್ತಿ ಹಿಡಿದುಕೊಂಡು ನಡೆಯತೊಡಗಿದ. ಅವನಿಗೆ ಓಡುವ ಪ್ರಸಂಗ ಬರಲಿಲ್ಲ.

ಊರ ಅಂಚಿನಲ್ಲಿ ಮಾವನ ತೋಟ. ಅದರ ಬಾವಿಯ ಎದುರಿಗೆ ಬಂದಾಗ ಖಟ್ ಎಂದಿತು. ಕಬ್ಬಿಣದ ಪಟ್ಟಿ ಮುರಿದಿತ್ತು. ಇಂಜಿನ್ ಡುಗುಡುಗು ಎಂದು ಓಡುತ್ತಲೇ ಇತ್ತು, ಕಾರು ಮಾತ್ರ ನಿಂತಿತು. ಬಾಡಿಯಿದ್ದೂ ಇಲ್ಲ, ಗಾಲಿಯಿದ್ದೂ ಇಲ್ಲ, ಸದ್ದೊಂದು ಭರ್ಜರಿ.

ಆ ಸದ್ದು ಕೇಳಿ ಮಾವ ತೋಟದಿಂದ ಓಡಿ ಬಂದರು. ನನ್ನ ಕಾರು ನೋಡಲು ಇಷ್ಟು ಆತುರವೇ ಎಂದು ಕಣ್ಣು ಒದ್ದೆಯಾಯಿತು.

"ಅಳಿಯಂದ್ರ, ದೇವರು ಬಂದಂಗ ಬಂದ್ರಿ ನೋಡ್ರಿ. ಮುಂಜಾನಿಂದ ಕರೆಂಟಿಲ್ಲ, ಬಾವಿ ಮೋಟರ್ ನಿಂತೈತಿ. ಬೀಗರು ಜಳಕಕ್ಕ ಕುಂತಾರ, ಅಡಗಿಗೆ ಒಂದ ಕೊಡ ನೀರಿಲ್ಲ." ಅವರ ಕಣ್ಣು ಕಾರಿನ ಮುಂಭಾಗದ ಮೇಲೆ ನಿಂತಿತು. "ಇದು ಬಾವಿ ಇಂಜಿನ್ ಅಲ್ಲೇನ್ರಿ?"

ಅಲ್ಲ ಎನ್ನಲು ಬಾಯಿ ತೆರೆದೆ.

"ಹೌದ್ರಿ" ಎಂದಳು ನೀಲವ್ವ.

ಹಂದರದಿಂದ ಜನ ಬಂದರು. ನನ್ನನ್ನು ಒಳಗೆ ಕೂಡಿಸಿಯೇ ಕಾರನ್ನು ಬಾವಿಯ ಕಟ್ಟೆಗೆ ತಳ್ಳಿದರು. ಮಾವನ ಹಳೆಯ ಪಂಪು ಅಲ್ಲೇ ಇತ್ತು. ಇಂಜಿನ್ನಿನ ಗಾಲಿಯಿಂದ ಅದಕ್ಕೆ ಬೆಲ್ಟಿನ ಪಟ್ಟಾ ಹಾಕಿದರು. ನೀರು ಧೋ ಎಂದು ಬಂತು. ಎಲ್ಲರೂ ಹೊಗಳಿದರು. ಇಂಜಿನ್ನಿನಿಂದ ಹೊರಬೀಳುವ ಬಿಸಿನೀರಿಗೆ ಗಂಡಿನ ಕಡೆಯವರು ಸಾಲಾಗಿ ನಿಂತರು.

"ನೀರು ಅಗದಿ ಛಲೋ ಐತ್ರಿ" ಎಂದರು ವರನ ಸೋದರಮಾವ. "ಒಂದೀಟು ಡೀಸೆಲ್ ವಾಸನಿ."

ಇಂಜಿನ್ ಬಿಟ್ಟು ಏಳುವಂತಿರಲಿಲ್ಲ. ಮದುಮಕ್ಕಳ ಮೇಲೆ ಅಕ್ಕಿಕಾಳು ಬಿದ್ದದ್ದನ್ನು ವಾಲಗದ ಸದ್ದಿನಿಂದ ತಿಳಿದೆ. ಊಟ ಕಾರಿಗೇ ಬಂತು. ಮೊದಲ ಬಾರಿಗೆ ಅತ್ತೆ ನನ್ನ ಹೋಳಿಗೆಗೆ ಎರಡು ಸಲ ತುಪ್ಪ ಹಾಕಿ ಕಳಿಸಿದ್ದರು. ತಿನ್ನುತ್ತ, ದೂರದಲ್ಲಿ ಧೂಳು ಮುಚ್ಚಿ ನಿಂತ ಶಿವಲಿಂಗಪ್ಪನ ಕಾರನ್ನು ನೋಡಿದೆ. ಮೆರವಣಿಗೆಗೆ ಆ ಅವತಾರದಲ್ಲಿ ಹೋಗಲಿ, ಊರೆಲ್ಲ ನೋಡಲಿ ಎಂದು ಮನಸ್ಸಿನಲ್ಲಿ ಹಾರೈಸಿದೆ. ತುಪ್ಪ ಇನ್ನೂ ರುಚಿಯಾಯಿತು.

ಊಟವಾದ ಮೇಲೆ ಆ ಕಾರು ಬಾವಿಯ ಕಡೆಗೇ ಬಂತು. ಬಂದು ನನ್ನ ನೀರಿನ ಬಾಯಿಗೆ ನಿಂತಿತು. ನಾಲ್ಕು ಜನ ಚಿಂದಿ ಬಟ್ಟೆ ಹಿಡಿದು ತಿಕ್ಕತೊಡಗಿದರು. ನನ್ನ ಕಣ್ಣೆದುರಿಗೇ, ನನ್ನ ಇಂಜಿನ್ ಎತ್ತಿದ ನೀರಿನಲ್ಲೇ, ಅದು ಮೊದಲಿಗಿಂತ ಬೆಳ್ಳಗಾಗುತ್ತ ಹೋಯಿತು. ಶಾಂತವ್ವ ಮತ್ತು ಅವಳ ಗಂಡ ಹಾರ ಹಾಕಿಕೊಂಡು ಬಾಜೂಕೆ ಕಾಯುತ್ತ ನಿಂತರು. ಅತ್ತೆ ಉಪ್ಪು, ಮೆಣಸಿನಕಾಯಿ ತಂದು ಬಿಳಿ ಕಾರಿಗೆ ನಿವಾಳಿಸಿದರು. ನನ್ನ ಕಾರಿಗೆ ದೃಷ್ಟಿ ತೆಗೆಯುವ ಪ್ರಶ್ನೆಯೇ ಇರಲಿಲ್ಲ. ಅದರಲ್ಲಿ ಬೇಕಾದಷ್ಟು ಮೆಣಸಿನಕಾಯಿ ಮೊದಲೇ ಇತ್ತು.

ಶಿವಲಿಂಗಪ್ಪ ಪಂಚೆ ಎತ್ತಿ ಕಟ್ಟಿಕೊಂಡು ನನ್ನ ಕಿಟಕಿಗೆ ಬಂದ. ಈ ಸಲ ಅವನ ಮಾತಿನಲ್ಲಿ ನಿಜವಾದ ಮರ್ಯಾದೆ ಇತ್ತು. ಅದನ್ನೇ ನನಗೆ ತಡೆಯಲಾಗಲಿಲ್ಲ.

"ಈರಪ್ಪಾ, ಒಂದೀಟು ಜೋರ್ ಮಾಡಪಾ. ಹಿಂದಿನ ಗಾಲಿ ಉಳದಾವ."

ನಾನು ಜೋರು ಮಾಡಿದೆ.