ಮೂವತ್ತೊಂದನೇ ನಂಬರಿನ ಮನೆಯಲ್ಲಿ ವಾಸನೆ ಇಲ್ಲ

ಚಂದ್ರಾ ಲೇಔಟಿನ ಎಂಟನೇ ಅಡ್ಡರಸ್ತೆಯ ಮೂವತ್ತೊಂದನೇ ನಂಬರಿನ ಮನೆಯಲ್ಲಿ ಯಾರೂ ವಾಸವಿಲ್ಲವೆಂಬುದು ಜುಲೈ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಅಧಿಕೃತವಾಗಿ ದೃಢಪಟ್ಟಿತು. ಆ ಹೊತ್ತಿನಲ್ಲಿ ಮನೆಯ ಯಜಮಾನರಾದ ಸೇತುರಾಮ ಹಿತ್ತಲಲ್ಲಿ ಕೂತು ಹಳೇ ಲುಂಗಿಯೊಂದನ್ನು ಹರಿದು ನೆಲ ಒರೆಸುವ ಬಟ್ಟೆ ಮಾಡುತ್ತಿದ್ದರು. ಹೆಂಡತಿ ಶಶಿಕಲಾ ಹುರುಳಿಕಾಳು ನೆನೆಹಾಕುತ್ತಿದ್ದರು. ತಾವಿಬ್ಬರೂ ಅಲ್ಲಿ ಇಲ್ಲವೆಂಬ ಸುದ್ದಿ ಅವರಿಗೆ ತಲುಪಿದ್ದು ನಾಲ್ಕು ದಿನಗಳ ಮೇಲೆ, ಅಂಚೆಯಲ್ಲಿ, ಅದೇ ವಿಳಾಸಕ್ಕೆ.

ಸೇತುರಾಮ ಕಾರ್ಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಬೋಲ್ಟುಗಳ ಗುಣಮಟ್ಟ ಪರೀಕ್ಷಿಸಿ ನಿವೃತ್ತರಾದವರು. ಕೂದಲೆಳೆಯಷ್ಟು ಓರೆಯಿದ್ದರೂ ‘ತಿರಸ್ಕೃತ’ ಎಂದು ಮೊಹರು ಒತ್ತಿ ಪಕ್ಕಕ್ಕೆ ಎಸೆಯುವುದು ಅವರ ಕೆಲಸವಾಗಿತ್ತು. ನಿವೃತ್ತಿಯ ನಂತರ ಅದೇ ಸ್ವಭಾವವಾಯಿತು. ದರ್ಶಿನಿಯ ಇಡ್ಲಿಯಾಗಲಿ, ಎದುರುಮನೆಯ ಪಾರ್ಕಿಂಗ್ ಆಗಲಿ, ಮದುವೆಯ ಕರೆಯೋಲೆಯಲ್ಲಿ ತಪ್ಪಿದ ಒತ್ತಕ್ಷರವಾಗಲಿ ಅವರ ಕಣ್ಣು ತಪ್ಪಿಸಿಕೊಂಡು ಹೋದದ್ದಿಲ್ಲ. ಓಟಿನ ಹಕ್ಕು ಬಂದಾಗಿನಿಂದ ಒಂದು ಚುನಾವಣೆಯನ್ನೂ ಬಿಟ್ಟವರಲ್ಲ. ಪ್ರತಿ ಸಲವೂ ಬಾಗಿಲು ತೆರೆಯುವ ಮೊದಲೇ ಹೋಗಿ ಸಾಲಿನಲ್ಲಿ ಮೊದಲಿಗರಾಗಿ ನಿಂತಿರುತ್ತಿದ್ದರು.

ಅವರ ವಾರ್ಡಿನ ಜನನಾಯಕ ಸಂಪತ್ತಣ್ಣ. ಈತ ಒಂದೇ ಫುಟ್‌ಪಾತನ್ನು ಮೂರು ಪಕ್ಷಗಳ ಪರವಾಗಿ ಮೂರು ಸಲ ಉದ್ಘಾಟಿಸಿದ್ದ. ಮೂರನೆಯ ಸಲ ಉದ್ಘಾಟಿಸುವಾಗ ಅಲ್ಲಿ ಫುಟ್‌ಪಾತ್ ಇರಲಿಲ್ಲ. ಈ ಕುರಿತು ಸೇತುರಾಮ ನೂರ ಹದಿನಾಲ್ಕು ಪತ್ರ ಬರೆದರು. ಕೊನೆಗೊಂದು ಉತ್ತರ ಬಂತು. ಮೇಲ್ಭಾಗದಲ್ಲಿ ಕೈಮುಗಿದ ಸಂಪತ್ತಣ್ಣ, ‘ನಿಮಗೆ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು’. ಕೆಳಭಾಗದಲ್ಲಿ ಸೋಫಾ ಸೆಟ್, ‘ಒಂದು ಕೊಂಡರೆ ಟೀಪಾಯಿ ಉಚಿತ’.

ಸೇತುರಾಮ ಆ ಕಾಗದವನ್ನು ಎರಡು ದಿನ ಮೇಜಿನ ಮೇಲಿಟ್ಟುಕೊಂಡು ನೋಡಿದರು.

“ಇವನಿಗೂ ಈ ಸೋಫಾಕ್ಕೂ ಏನು ಸಂಬಂಧ ಅಂತ ಈಗ ಗೊತ್ತಾಯ್ತು ಕಣೇ ಶಶಿ. ಇಬ್ಬರೂ ನನ್ನನ್ನ ಗಿರಾಕಿ ಅಂದ್ಕೊಂಡಿದಾರೆ. ದೇಶ ನನ್ನ ಕೈಲಿಲ್ಲ, ವಾರ್ಡೂ ಇಲ್ಲ. ಅಡುಗೆಮನೆ ಇದೆ. ಅಲ್ಲಿಂದ ಶುರು ಮಾಡ್ತೀನಿ. ಇನ್ಮೇಲೆ ಬೇಡದ್ದು ಒಂದೂ ಕೊಳ್ಳೋದಿಲ್ಲ.”

“ಅಡುಗೆಮನೆ ನನ್ನ ಕೈಲಿರೋದು,” ಅಂದರು ಶಶಿಕಲಾ. “ನಿಮ್ಮ ಕೈಲಿರೋದು ಕಸದ ಬುಟ್ಟಿ. ಬೇಕಾದ್ರೆ ಅಲ್ಲಿಂದ ಶುರು ಮಾಡಿ.”

ಶುರುವಾದದ್ದು ಅಲ್ಲಿಂದಲೇ. ಫೋನಿನಲ್ಲಿದ್ದ ಕೊಳ್ಳುವ ಆ್ಯಪುಗಳು ಒಂದೊಂದಾಗಿ ಹೋದವು. ಸೇತುರಾಮ ಸ್ಟೀಲ್ ಡಬ್ಬಿ ಹಿಡಿದು ಅಂಗಡಿಗೆ ಹೋಗಿ ಬೇಳೆ ಅಳೆಸಿಕೊಂಡು ಬಂದರು. ಸಿಪ್ಪೆ, ನಾರು, ಕಾಫಿ ಚರಟವೆಲ್ಲ ತಾರಸಿಯ ಮಡಕೆಗಳಲ್ಲಿ ಗೊಬ್ಬರವಾಯಿತು. ಎರಡು ಸೋಫಾ, ಒಂದು ಗಾಜಿನ ಕಪಾಟು, ವ್ಯಾಯಾಮಕ್ಕೆಂದು ಬಂದು ಟವೆಲ್ ಒಣಹಾಕಲು ಬಳಕೆಯಾಗುತ್ತಿದ್ದ ಸೈಕಲ್ಲು, ಬೇಕಾದವರ ಮನೆ ಸೇರಿದವು.

“ನನ್ನನ್ನ ಯಾವಾಗ ಮಡಕೆಗೆ ಹಾಕ್ತೀರ?” ಎಂದು ಶಶಿಕಲಾ ಮೊದಮೊದಲು ಚುಚ್ಚಿದರು. ಮೂರು ತಿಂಗಳಾಗುವಷ್ಟರಲ್ಲಿ ಅವರಿಗೇ ರುಚಿ ಹತ್ತಿತು. ದಿನಕ್ಕೆ ಆರು ಸಲ ಹೊಡೆದುಕೊಳ್ಳುತ್ತಿದ್ದ ಕರೆಗಂಟೆ ಸುಮ್ಮನಾಗಿತ್ತು. ಸೋಫಾ ಇದ್ದ ಜಾಗದಲ್ಲಿ ಸೀಮೆಸುಣ್ಣದಿಂದ ಮನೆ ಬರೆದು ಗಂಡಹೆಂಡಿರು ಮಧ್ಯಾಹ್ನ ಚೌಕಾಬಾರ ಆಡತೊಡಗಿದರು. ಶಶಿಕಲಾ ಕಾಯಿ ನಡೆಸುವಾಗ ಮೋಸ ಮಾಡುತ್ತಾರೆಂಬುದು ಸೇತುರಾಮರಿಗೆ ಮದುವೆಯಾದ ಮೂವತ್ತೆಂಟು ವರ್ಷಗಳಲ್ಲಿ ಮೊದಲ ಬಾರಿಗೆ ತಿಳಿಯಿತು.

ಕಸದ ಗಾಡಿಯ ಶಂಕ್ರವ್ವನಿಗೆ ಮಾತ್ರ ಕಾಳಜಿಯಾಯಿತು. ಗದಗಿನ ಕಡೆಯಿಂದ ಬಂದು ಹನ್ನೊಂದು ವರ್ಷದಿಂದ ಆ ರಸ್ತೆಯ ಕಸ ಎತ್ತುತ್ತಿದ್ದ ಹೆಂಗಸು ಅವಳು.

“ಯಾಕ್ರೀ ಯಜಮಾನ್ರ, ತಿಂಗಳಾತು, ಒಂದ್ ಚೀಲಾನೂ ಇಲ್ಲ? ಉಪವಾಸ ಅದೀರೇನು?”

“ಇಲ್ಲಮ್ಮ, ಕಸ ಮಾಡೋದು ಬಿಟ್ಟಿದೀವಿ.”

“ಹಂಗೇನ್ರಿ!” ಶಂಕ್ರವ್ವ ಗೇಟು ಹಿಡಿದು ನಿಂತಳು. “ಓಣಿಗೆ ನಿಮ್ಮಂಥಾವ್ರು ನಾಕು ಮಂದಿ ಇದ್ರ ನನ್ನ ಸೊಂಟ ಉಳೀತೈತಿ ನೋಡ್ರಿ.”

ಹೀಗೆ ಹದಿನೈದು ತಿಂಗಳು ಕಳೆದ ಮೇಲೆ ವಾರ್ಡಿಗೆ ಚುನಾವಣೆ ಘೋಷಣೆಯಾಯಿತು. ಸಂಪತ್ತಣ್ಣ ನಾಲ್ಕನೆಯ ಪಕ್ಷದಿಂದ ನಿಂತ. ಸೇತುರಾಮ ಕ್ಯಾಲೆಂಡರಿನಲ್ಲಿ ಮತದಾನದ ದಿನಕ್ಕೆ ಎರಡು ಸುತ್ತು ಹಾಕಿಟ್ಟರು. ಅದೇ ವಾರ ‘ವಾಸ್ತವ್ಯ ಖಾತ್ರಿ ಉಪವಿಭಾಗ’ ಎಂಬ ಹೊಸ ಕಚೇರಿಯಿಂದ ಸುತ್ತೋಲೆಯೊಂದು ಹೊರಬಿತ್ತು.

‘ಮತದಾರರ ಪಟ್ಟಿಯ ಶುದ್ಧೀಕರಣದ ಅಂಗವಾಗಿ, ಪರಿಶೀಲನಾಧಿಕಾರಿಗಳು ಪ್ರತಿ ಮನೆಯ ಗೇಟಿನ ಮುಂದೆ ನಿಂತು, ಸದರಿ ಮನೆಯಲ್ಲಿ ವಾಸನೆ ಇದೆಯೇ ಎಂಬುದನ್ನು ಖುದ್ದಾಗಿ ಖಚಿತಪಡಿಸಿಕೊಳ್ಳತಕ್ಕದ್ದು. ವಾಸನೆ ಇಲ್ಲದ ಮನೆಗಳ ಹೆಸರುಗಳನ್ನು ಪಟ್ಟಿಯಿಂದ ಕೈಬಿಡತಕ್ಕದ್ದು.’

ವಾಸ ಎಂದು ಟೈಪು ಮಾಡಿದರೆ ಕಂಪ್ಯೂಟರು ತಾನಾಗಿಯೇ ‘ನೆ’ ಸೇರಿಸಿತ್ತು. ಮೇಲಧಿಕಾರಿಗಳು ಓದದೆ ಸಹಿ ಹಾಕಿದರು. ಕೆಳಗಿನವರು ಓದಿದರು, ಆದರೆ ಸಹಿಯಾಗಿಬಿಟ್ಟಿತ್ತು. ಆದ್ದರಿಂದ ನಲವತ್ತು ಸಿಬ್ಬಂದಿಗೆ ಮೂಗಿನ ತಪಾಸಣೆ ನಡೆಸಿ, ನೆಗಡಿ ಇದ್ದ ಆರು ಮಂದಿಯನ್ನು ಕೈಬಿಟ್ಟು, ಉಳಿದವರನ್ನು ಬೀದಿಗೆ ಇಳಿಸಲಾಯಿತು. ಪಕ್ಕದ ಮೂಲೆಯ ಮರಿಯಪ್ಪನವರ ನಾಲ್ಕಂತಸ್ತಿನ ಕಟ್ಟಡ ‘ಉತ್ತಮ’ ಶ್ರೇಣಿಯಲ್ಲಿ ತೇರ್ಗಡೆಯಾಯಿತು. ಮೂವತ್ತೊಂದನೇ ನಂಬರಿನ ಮುಂದೆ ಅಧಿಕಾರಿ ನಿಯಮದಂತೆ ಮೂರು ಸಲ ಉಸಿರೆಳೆದು ‘ಇಲ್ಲ’ ಎಂದು ಬರೆದುಕೊಂಡು ಹೋದರು.

ನೋಟಿಸು ಕೈಗೆ ಬಂದ ದಿನವೇ ಸೇತುರಾಮ ಕಚೇರಿಗೆ ಹೋದರು. ಪರಿಶೀಲನಾಧಿಕಾರಿ ಮುರಳೀಕೃಷ್ಣ ಮರ್ಯಾದಸ್ಥ. ಎದ್ದು ನಿಂತು ಕುರ್ಚಿ ಕೊಟ್ಟರು.

“ನಾನು ಸೇತುರಾಮ. ಎಂಟನೇ ಕ್ರಾಸು, ಮೂವತ್ತೊಂದು.”

ಮುರಳೀಕೃಷ್ಣ ಕಡತ ನೋಡಿದರು. “ನೀವು ಅಲ್ಲಿ ವಾಸ ಇಲ್ಲ ಸಾರ್.”

“ನಿಮ್ಮ ಕಣ್ಣೆದುರಿಗೇ ಕೂತಿದೀನಿ.”

“ಇಲ್ಲಿ ಕೂತಿದೀರ ಅನ್ನೋದನ್ನ ಯಾರೂ ಅಲ್ಲಗಳೀತಿಲ್ಲ. ಅಲ್ಲಿ ಇಲ್ಲ, ಅಷ್ಟೇ. ನೀವು ಇಲ್ಲಿ ಕೂತಷ್ಟು ಹೊತ್ತೂ ಅಲ್ಲಿಲ್ಲ ಅನ್ನೋದು ಇನ್ನೂ ಗಟ್ಟಿ ಆಗ್ತಾ ಹೋಗತ್ತೆ.”

ಸೇತುರಾಮ ಸುತ್ತೋಲೆಯನ್ನು ಮೇಜಿನ ಮೇಲೆ ಹರಡಿ ಬೆರಳಿಟ್ಟು ತೋರಿಸಿದರು. “ಇದು ಅಚ್ಚಿನ ತಪ್ಪು. ಒಂದು ‘ನೆ’ ಜಾಸ್ತಿ.”

“ಗೊತ್ತು ಸಾರ್. ಮೊದಲನೇ ದಿನವೇ ಗೊತ್ತಾಯ್ತು. ತಿದ್ದುಪಡಿಗೆ ಅಂತ ಒಂದು ಸಮಿತಿಯನ್ನೂ ಮಾಡಿದಾರೆ.”

“ಮತ್ತೆ?”

“ಸಮಿತಿಯ ರೂಮನ್ನ ಪರಿಶೀಲನೆ ಮಾಡಿದ್ವಿ. ವಾಸನೆ ಬರ್ಲಿಲ್ಲ. ಸಮಿತಿ ಇಲ್ಲ ಅಂತ ಆಯ್ತು.”

ಸೇತುರಾಮ ಕನ್ನಡಕ ತೆಗೆದು ಒರೆಸಿಕೊಂಡರು. ನೂರ ಹದಿನಾಲ್ಕು ಪತ್ರ ಬರೆದ ಕೈ ಅದು. ಇನ್ನೊಂದು ಅರ್ಜಿ ಭಾರವಲ್ಲ. ನಮೂನೆ ಒಂಬತ್ತು-ನಾ ತುಂಬಿಸಿ ಮರುಪರಿಶೀಲನೆ ಕೋರಿದರು. ಮುಂದಿನ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಎಂದು ನಿಗದಿಯಾಯಿತು. ಪಟ್ಟಿ ಅಂತಿಮವಾಗುವುದೂ ಅದೇ ಸಂಜೆ. ಅರ್ಜಿ ಪಡೆದ ಮುರಳೀಕೃಷ್ಣ ಸುತ್ತೋಲೆಯ ಅನುಬಂಧವೊಂದನ್ನು ಕೊಟ್ಟರು.

ಶಶಿಕಲಾ ಅದನ್ನು ನೋಡುವ ಮೊದಲೇ ಉಪಾಯ ಹುಡುಕಿದ್ದರು. “ಇದೇನ್ ಮಹಾ ವಿಷಯ! ಶುಕ್ರವಾರ ಇಂಗಿನ ಒಗ್ಗರಣೆ ಹಾಕ್ತೀನಿ, ಅತ್ತಿಗುಪ್ಪೆಗೆ ಗೊತ್ತಾಗ್ಬೇಕು, ಹಂಗೆ.”

ಸೇತುರಾಮ ಅನುಬಂಧ ಓದಿದರು. “‘ಒಗ್ಗರಣೆ, ಊದುಬತ್ತಿ, ಮಲ್ಲಿಗೆ, ಕಾಫಿ ಇತ್ಯಾದಿಗಳಿಂದ ಹೊಮ್ಮುವುದು ಪರಿಮಳವಾಗಿರುವುದರಿಂದ ವಾಸನೆಯೆಂದು ಪರಿಗಣಿಸತಕ್ಕದ್ದಲ್ಲ.’”

“ಪರವಾಗಿಲ್ವೇ,” ಅಂದರು ಶಶಿಕಲಾ. “ಕನ್ನಡ ಬರತ್ತೆ ಅವರಿಗೆ.”

ಕಾಂಪೌಂಡಿನಾಚೆಯಿಂದ ಮರಿಯಪ್ಪನವರು ಕಿವಿಗೊಟ್ಟಿದ್ದರು. ಆ ಲೇಔಟು ಇನ್ನೂ ರಾಗಿ ಹೊಲವಾಗಿದ್ದಾಗ ಅದರ ಒಡೆಯರು ಅವರಪ್ಪ. “ಸಾರ್, ಸುಮ್ನೆ ಒಂದು ಫೋನ್ ಹೊಡೀರಿ. ನಾಲ್ಕು ಬಿರಿಯಾನಿ, ಎರಡು ಪಿಜ್ಜಾ, ಮೂರು ದಿನ ಬುಟ್ಟೀಲಿ ಬಿಡಿ. ಸತ್ತೋರೂ ಎದ್ದು ನಾವು ಇಲ್ಲೇ ವಾಸ ಅಂತಾರೆ.”

“ನಾನು ಕೊಳ್ಳೋದು ಬಿಟ್ಟಿದೀನಿ ಮರಿಯಪ್ಪನೋರೇ.”

“ಒಂದ್ಸಲ ಸಾರ್. ಓಟಿಗೋಸ್ಕರ.”

ಬುಟ್ಟಿ ತುಂಬಿಸಿದರೆ ಹದಿನೈದು ತಿಂಗಳ ವ್ರತ ಕೆಡುತ್ತದೆ. ತುಂಬಿಸದಿದ್ದರೆ ಓಟು ಹೋಗುತ್ತದೆ. ವ್ರತ ಹಿಡಿದದ್ದು ಯಾವ ಮನುಷ್ಯನ ದೆಸೆಯಿಂದಲೋ, ಓಟು ಬೇಕಿದ್ದುದೂ ಆ ಮನುಷ್ಯನ ವಿರುದ್ಧವೇ. ಗುರುವಾರ ಅವರು ಚೌಕಾಬಾರದಲ್ಲಿ ಸತತ ನಾಲ್ಕು ಆಟ ಸೋತರು. ಶಶಿಕಲಾ ಆವತ್ತು ಮೋಸ ಮಾಡಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಗೇಟಿನ ಬಳಿ ಪೆಚ್ಚಾಗಿ ನಿಂತಿದ್ದ ಸೇತುರಾಮರನ್ನು ಕಂಡು ಶಂಕ್ರವ್ವ ಗಾಡಿ ನಿಲ್ಲಿಸಿ ಎಲ್ಲವನ್ನೂ ಕೇಳಿಕೊಂಡಳು.

“ಅಷ್ಟಽ ಏನ್ರಿ? ಹನ್ನೊಂದಕ್ಕ ನನ್ನ ಗಾಡಿ ನಿಮ್ಮ ಗೇಟಿನ ಮುಂದ ಕೆಟ್ಟು ನಿಲ್ಲತೈತಿ.”

“ನಾನು ಸುಳ್ಳು ಹೇಳೋನಲ್ಲಮ್ಮ.”

“ನೀವೇನೂ ಹೇಳಬ್ಯಾಡ್ರಿ. ನನ್ನ ಗಾಡಿ ದಿನಾ ಎಲ್ಲೆರೆ ಒಂದ್ ಕಡೆ ಕೆಡತೈತಿ. ಇವತ್ತು ಇಲ್ಲಿ. ಇದರಾಗ ಸುಳ್ಳೇನೈತಿ?”

ಸೇತುರಾಮ ಈ ವಾದವನ್ನು ನಾಲ್ಕೂ ಕಡೆಯಿಂದ ಪರೀಕ್ಷಿಸಿದರು. ಓರೆ ಸಿಗಲಿಲ್ಲ. ವಾಸನೆ ಕೊಂಡದ್ದಲ್ಲ, ಎರವಲು.

ಹನ್ನೊಂದಕ್ಕೆ ಸರಿಯಾಗಿ ಮುರಳೀಕೃಷ್ಣ ಬಂದರು. ಇಡೀ ಚಂದ್ರಾ ಲೇಔಟಿನ ಹಿಂದಿನ ದಿನದ ಊಟ ಹೊತ್ತ ಗಾಡಿ ಗೇಟಿಗೆ ಅಡ್ಡವಾಗಿ ನಿಂತಿತ್ತು. ಅವರು ಮೊದಲನೆಯ ಸಲ ಉಸಿರೆಳೆದರು. ಎರಡನೆಯ ಸಲ ಎಳೆದು ಕಂಬ ಹಿಡಿದುಕೊಂಡರು. ಮೂರನೆಯದನ್ನು ಎಳೆದಂತೆ ಭಾವಿಸಲಾಯಿತು.

ಸೇತುರಾಮರಿಗೆ ಸುಮ್ಮನಿರಲಾಗಲಿಲ್ಲ. “ನೋಡಿ, ಇದು ಗಾಡಿಯ ವಾಸನೆ. ನಮ್ಮದಲ್ಲ.”

“ವಾಸನೆಯ ಮೂಲ ವಿಚಾರಿಸೋ ಅಧಿಕಾರ ನಮಗಿಲ್ಲ ಸಾರ್,” ಎಂದರು ಮುರಳೀಕೃಷ್ಣ ಕರವಸ್ತ್ರದೊಳಗಿಂದ. “ಗೇಟಿನ ಮುಂದೆ ಇದೆಯೋ ಇಲ್ವೋ. ಇದೆ. ಅಭಿನಂದನೆಗಳು.” ಅವರು ಕೋಷ್ಟಕವೊಂದನ್ನು ತೆಗೆದು, ತೀವ್ರತೆಯ ಕಾಲಮ್ಮಿನ ಮೇಲೆ ಬೆರಳು ಜಾರಿಸಿ ಬರೆದುಕೊಂಡರು. “ವಾಸ ಮಾಡ್ತಿರೋರು ಮೂವತ್ತೇಳು.”

“ನಾವಿರೋದು ಇಬ್ಬರು!”

“ಇಬ್ಬರಿಂದ ಇಷ್ಟು ಬರಲ್ಲ ಸಾರ್. ಉಳಿದ ಮೂವತ್ತೈದು ಹೆಸರು ನೀವು ಕೊಡದಿದ್ರೂ ನಡೆಯತ್ತೆ. ಅಭ್ಯರ್ಥಿಗಳ ಕಡೆಯೋರು ಪಟ್ಟಿ ಸಿದ್ಧ ಇಟ್ಕೊಂಡಿರ್ತಾರೆ, ಜಾಗ ಖಾಲಿ ಇದ್ದಲ್ಲಿ ಸೇರಿಸ್ತೀವಿ.”

“ನಾನು ಇದಕ್ಕೆ ಆಕ್ಷೇಪಣೆ ಸಲ್ಲಿಸ್ತೀನಿ.”

“ಸಲ್ಲಿಸಿ ಸಾರ್, ನಿಮ್ಮ ಹಕ್ಕು. ಸಂಜೆ ಐದಕ್ಕೆ ಮತ್ತೆ ಬಂದು ಮೂಸ್ತೀನಿ. ಆಗ ಗಾಡಿ ಇಲ್ದಿದ್ರೆ ಮೂವತ್ತೇಳೂ ಜನ ಹೋಗ್ತೀರಿ. ಈಗ ಸಹಿ ಮಾಡಿದ್ರೆ ಮೂವತ್ತೇಳೂ ಜನ ಇರ್ತೀರಿ.”

ಶಂಕ್ರವ್ವ ಮೇಲೆ ನೋಡಿದಳು. ಶಶಿಕಲಾ ನೆಲ ನೋಡಿದರು. ಕೂದಲೆಳೆಯಷ್ಟು ಓರೆಯನ್ನೂ ಬಿಡದ ಸೇತುರಾಮ ಪೆನ್ನು ತೆಗೆದುಕೊಂಡು, ಕಾಗುಣಿತದ ಎರಡು ತಪ್ಪುಗಳನ್ನು ತಿದ್ದಿ, ಸಹಿ ಹಾಕಿದರು.

ಮತದಾನದ ದಿನ ಅವರು ಎಂದಿನಂತೆ ಸಾಲಿನಲ್ಲಿ ಮೊದಲಿಗರು. ಅವರ ಹಿಂದೆ ಶಶಿಕಲಾ, ಶಶಿಕಲಾರ ಹಿಂದೆ ಒಂದೇ ಬಣ್ಣದ ಟೀಶರ್ಟು ತೊಟ್ಟ ಗಂಡಾಳುಗಳ ಗುಂಪು. ಅವರಲ್ಲೊಬ್ಬ ಚೀಟಿ ನೋಡಿಕೊಂಡು ಪಕ್ಕದವನಿಗೆ ಹೇಳಿದ, “ಮಚ್ಚಾ, ನಮ್ಮನೆ ನಂಬರ್ ಹದಿಮೂರು, ನೆನಪಿಟ್ಕೋ. ಕೇಳಿದ್ರೆ ತಡವರಿಸ್ಬೇಡ.”

ಸೇತುರಾಮರಿಗೆ ತಡೆಯಲಾಗಲಿಲ್ಲ. ತಿರುಗಿ ಹೇಳಿದರು. “ಹದಿಮೂರಲ್ಲ. ಮೂವತ್ತೊಂದು. ಎಂಟನೇ ಕ್ರಾಸು.”

“ಥ್ಯಾಂಕ್ಸ್ ಅಂಕಲ್. ನೀವೂ ಅದೇ ಮನೇನಾ?”

“ಹೌದು,” ಅಂದರು ಸೇತುರಾಮ. ಅದು ಸತ್ಯವಾಗಿತ್ತು.

ಸಂಪತ್ತಣ್ಣ ಮೂವತ್ತಮೂರು ಮತಗಳಿಂದ ಗೆದ್ದ. ಆ ಮೂವತ್ತೈದು ಮಂದಿ ಇಲ್ಲದಿದ್ದರೆ ಎರಡು ಮತಗಳಿಂದ ಸೋಲುತ್ತಿದ್ದ. ಆ ಎರಡು ಯಾರವೆಂದು ಲೆಕ್ಕ ಹಾಕಲು ಸೇತುರಾಮರಿಗೆ ಕಾಗದ ಬೇಕಾಗಲಿಲ್ಲ.

ಮಾರನೆಯ ವಾರ ಸಂಪತ್ತಣ್ಣ, ತನ್ನನ್ನು ಗೆಲ್ಲಿಸಿದ ಮನೆಗೆ ಕೃತಜ್ಞತೆ ಹೇಳಲು, ಸಹಾಯಕನೊಬ್ಬನ ಕೈಯಲ್ಲಿ ಹೊಳೆಯುವ ಪ್ಲಾಸ್ಟಿಕ್ ಸುತ್ತಿದ ಹಣ್ಣಿನ ಬುಟ್ಟಿ ಹೊರಿಸಿಕೊಂಡು ಬಂದ. ಶಶಿಕಲಾ ಸ್ಟೀಲ್ ಲೋಟದಲ್ಲಿ ಮಜ್ಜಿಗೆ ಕೊಟ್ಟರು. ನೆಲದ ಮೇಲಿನ ಚಾಪೆಯಲ್ಲಿ ಕೂತು ಅವನು ಸುತ್ತ ಕಣ್ಣಾಡಿಸಿದ. ಗೋಡೆ ಬರಿದಾಗಿತ್ತು. ಮೂಲೆಯಲ್ಲಿ ಚೌಕಾಬಾರದ ಗೆರೆ ಮಾತ್ರ ಇತ್ತು.

“ಎಷ್ಟು ವಿಶಾಲವಾಗಿದೆ ಸಾರ್ ಮನೆ! ಮೂವತ್ತೇಳು ಜನ ಇದ್ದೂ ಒಂಚೂರೂ ಇಕ್ಕಟ್ಟಿಲ್ಲ.”

“ಸಾಮಾನು ಕಮ್ಮಿ ಇದೆ,” ಅಂದರು ಶಶಿಕಲಾ. “ಅದಕ್ಕೇ ಹಿಡಿಸತ್ತೆ.”

ಸಂಪತ್ತಣ್ಣನಿಗೆ ಮಾತು ನಾಟಿತು. “ಬರ್ಕೊಳಯ್ಯಾ,” ಎಂದ ಸಹಾಯಕನಿಗೆ. “ಸರಳ ಜೀವನ. ಮುಂದಿನ ಚುನಾವಣೆ ಒಳಗೆ ವಾರ್ಡಿನ ಎಲ್ಲಾ ಮನೇಲೂ ಸಾಮಾನು ಕಮ್ಮಿ ಮಾಡಿಸ್ಬೇಕು.”

ಹೊರಡುವಾಗ ಸೇತುರಾಮ ಹಣ್ಣಿನ ಬುಟ್ಟಿಯನ್ನು ಎತ್ತಿ ಸಹಾಯಕನ ಕೈಗೆ ವಾಪಸು ಕೊಟ್ಟರು. “ತಗೊಂಡ್ಹೋಗಿ. ನಮ್ಮನೇಲಿ ಪ್ಲಾಸ್ಟಿಕ್ ಇಟ್ಕೊಳ್ಳೋದಿಲ್ಲ. ಇಬ್ಬರಿಗೆ ಇಷ್ಟು ಹಣ್ಣು ಮುಗಿಯೋದೂ ಇಲ್ಲ, ಕೊಳೆತುಹೋಗತ್ತೆ.”

“ಅದಕ್ಕೇ ಸಾರ್, ಇಟ್ಕೊಳಿ,” ಎಂದ ಸಹಾಯಕ ಕಾಳಜಿಯಿಂದ. “ಗುರುವಾರ ವಾರ್ಷಿಕ ಮರುಪರಿಶೀಲನೆ ಇದೆ.”

ಸೇತುರಾಮ ಬುಟ್ಟಿಯನ್ನು ಮತ್ತೆ ಇಸಿದುಕೊಂಡರು. ಅನಂತರ ಅದನ್ನು ಒಯ್ದು, ಪ್ಲಾಸ್ಟಿಕ್ ಬಿಚ್ಚದೆ, ಗೇಟಿನ ಪಕ್ಕ, ಬಿಸಿಲು ಚೆನ್ನಾಗಿ ಬೀಳುವ ಕಡೆ ಇಟ್ಟರು.