ನಮ್ಮ ಭಾವನ ಆರುನೂರು ಲೀಟರ್ ಸಮುದ್ರ

ಒಂದು ಹನಿ ನೀರಿಲ್ಲದೆ, ಒಂದೇ ಒಂದು ಮೀನಿಲ್ಲದೆ ನಾಲ್ಕು ವರ್ಷ ಮೀನು ಸಾಕಿದವರನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನಮ್ಮ ಅಕ್ಕನ ಗಂಡ, ಅಂದರೆ ನನ್ನ ಭಾವ. ಸ್ವೀಡನ್ನಿನ ವೆಸ್ಟೆರಾಸ್‌ನ ಅವರ ಮನೆಯ ಹಾಲಿನಲ್ಲಿ, ಗೋಡೆಯ ಪಕ್ಕದಲ್ಲಿ, ನೆಲಕ್ಕೆ ನೀಲಿ ಟೇಪ್ ಅಂಟಿಸಿ ಎರಡು ಮೀಟರ್ ಉದ್ದದ ಒಂದು ಆಯತ ಮಾಡಿದ್ದರು. ಅದೇ ಅಕ್ವೇರಿಯಂ! ಅದರೊಳಗೆ ಯಾರೂ ಕಾಲಿಡುವಂತಿರಲಿಲ್ಲ. ಗೊತ್ತಿಲ್ಲದ ಅತಿಥಿ ಟೇಪು ದಾಟಿದರೆ ಭಾವ ಮೆತ್ತಗೆ ತೋಳು ಹಿಡಿದು, "ಅಲ್ಲಿ ಹವಳ ಬರತ್ತೆ, ಸ್ವಲ್ಪ ಈ ಕಡೆ ಬನ್ನಿ" ಎಂದು ಕರೆತರುತ್ತಿದ್ದರು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರ ಕಥೆ ಕೇಳಿದ್ದೇವೆ. ನಮ್ಮ ಭಾವ ಕುಲಾವಿಯ ಜೊತೆಗೆ ಇನ್ನೊಂದು ಕುಲಾವಿಯನ್ನೂ ಹೊಲಿಸಿಡುವವರು, ಮೊದಲನೆಯದು ಕಳೆದುಹೋದರೆ ಇರಲಿ ಎಂದು. ಅವರು ಟ್ರಾನ್ಸ್‌ಫಾರ್ಮರ್ ಕಂಪನಿಯ ಎಂಜಿನಿಯರು. ಊರಿಗೆ ಊರೇ ಕತ್ತಲಾಗದಂತೆ ನೋಡಿಕೊಳ್ಳುವುದು ಅವರ ಕೆಲಸವಾದ್ದರಿಂದ ಆ ಚಾಳಿ ಎಂದು ನಾನು ಲೇವಡಿ ಮಾಡುತ್ತಿದ್ದೆ. ಅದು ಪೂರ್ತಿ ನಿಜವಲ್ಲ ಎಂದು ನನಗೂ ಗೊತ್ತಿತ್ತು.

ಅವರ ಮಗಳು ಅನಘಾ ಆರು ವರ್ಷದವಳಿದ್ದಾಗ ಅವಳಿಗೆ ಒಂದು ಪುಟ್ಟ ಫೈಟರ್ ಮೀನು ತಂದುಕೊಟ್ಟಿದ್ದರು. ಕ್ರಿಸ್ಮಸ್ ರಜೆಗೆ ಎಲ್ಲರೂ ಬೆಂಗಳೂರಿಗೆ ಹೋಗಿದ್ದಾಗ ನೀರು ಬೆಚ್ಚಗಿಡುವ ಹೀಟರ್ ಕೆಟ್ಟು, ಮೀನು ಸತ್ತುಹೋಯಿತು. ಮಗು ಅತ್ತಿತು, ಸರಿ. ಅತ್ತು ಮುಗಿಸಿದ ಮೇಲೆ, "ಇನ್ನೊಂದು ಹೀಟರ್ ಯಾಕೆ ಇಟ್ಟಿರಲಿಲ್ಲ ಪಪ್ಪ?" ಎಂದು ಕೇಳಿತು. ಆಮೇಲೆ ಎಷ್ಟೋ ವರ್ಷ ಆ ಮನೆಯಲ್ಲಿ ಮೀನಿನ ಸುದ್ದಿಯೇ ಇರಲಿಲ್ಲ. ಅವಳಿಗೆ ಹದಿನೈದಾದಾಗ ಇದ್ದಕ್ಕಿದ್ದಂತೆ ಭಾವ, "ನೀನು ಮನೆ ಬಿಟ್ಟು ಓದಕ್ಕೆ ಹೋಗೋ ಮುಂಚೆ ನಿನಗೊಂದು ಸಮುದ್ರ ಮಾಡಿಕೊಡ್ತೀನಿ" ಎಂದು ಮಾತು ಕೊಟ್ಟುಬಿಟ್ಟರು. ಟೇಪು ಅಂಟಿದ್ದು ಆವತ್ತೇ.

ಸಮುದ್ರ ಅಂದರೆ ಸುಮ್ಮನೆಯೇ? ಗಾಜಿನ ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಇನ್ನೊಂದು ತೊಟ್ಟಿ ಇರಬೇಕು, ಮೇಲಿನ ನೀರು ಅದಕ್ಕೆ ಇಳಿದು ಶುದ್ಧವಾಗಿ ಮತ್ತೆ ಮೇಲೇರಬೇಕು. ಅದರ ಹೆಸರು ಸಂಪ್. ನೀರು ಏರಿಸಲು ಮೋಟರು, ಅದು ಕೆಟ್ಟರೆ ಇನ್ನೊಂದು ಮೋಟರು. ನಲ್ಲಿಯ ನೀರು ಆಗದು, ಆರ್‌ಓ ಫಿಲ್ಟರ್ ಬೇಕು. ಕರೆಂಟ್ ಹೋದರೆ ಯುಪಿಎಸ್. ಭಾವ ಈ ಪಟ್ಟಿಯನ್ನು ಊಟದ ಮೇಜಿನ ಮೇಲೆ ಹರಡಿದ ದಿನ ಅಕ್ಕ ಸಾರಿನ ಸೌಟು ಹಿಡಿದುಕೊಂಡೇ ಅದನ್ನು ಪೂರ್ತಿ ಓದಿದಳು.

"ಸಂಪು, ಮೋಟರು, ಆರ್‌ಓ, ಯುಪಿಎಸ್ಸು. ಇವೆಲ್ಲ ಬೆಂಗಳೂರಲ್ಲೇ ಬಿಟ್ಟು ಬಂದ್ವಲ್ಲ ಅಂತ ಎಷ್ಟು ಖುಷಿಯಾಗಿದ್ದೆ. ಇನ್ನು ಟ್ಯಾಂಕರ್ ಯಾವಾಗ ಬರತ್ತೆ ಅದೊಂದು ಹೇಳಿಬಿಡಿ" ಎಂದಳು.

ಭಾವ ಗಂಭೀರವಾಗಿ, ಟ್ಯಾಂಕರ್ ಬೇಕಾಗುವುದಿಲ್ಲ, ಆರ್‌ಓ ದಿನಕ್ಕೆ ನೂರೈವತ್ತು ಲೀಟರ್ ಕೊಡುತ್ತದೆ ಎಂದು ವಿವರಿಸಿದರು. ತಮಾಷೆಗೂ ತಾಂತ್ರಿಕ ಉತ್ತರ ಕೊಡುವ ಜನ್ಮ ಅದು.

ಆಮೇಲೆ ಬಂತು ತೂಕದ ಪ್ರಶ್ನೆ. ನೀರು, ಕಲ್ಲು, ಗಾಜು ಎಲ್ಲ ಸೇರಿ ಹತ್ತಿರ ಹತ್ತಿರ ಒಂದು ಟನ್. ಮನೆ ಇರುವುದು ಮೂರನೇ ಮಹಡಿಯಲ್ಲಿ. ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷರು ನಿವೃತ್ತ ಮೇಷ್ಟರು, ನೆಲ ತಡೆಯುತ್ತದೆ ಎಂದು ತೋರಿಸಿ ಎಂದರು. ಬೇರೆಯವರಾಗಿದ್ದರೆ ಒಬ್ಬ ಸಿವಿಲ್ ಎಂಜಿನಿಯರನ್ನು ಕರೆಸುತ್ತಿದ್ದರು. ಭಾವ ಗಣೇಶನ ಹಬ್ಬಕ್ಕೆ ಕಾದರು!

ಹಬ್ಬದ ದಿನ ಊರಿನ ಕನ್ನಡದವರೆಲ್ಲ ಅವರ ಮನೆಗೆ ಬಂದರು. ಚಪ್ಪಲಿ ಬಿಡುವ ಜಾಗದಲ್ಲೇ ತೂಕದ ಯಂತ್ರ. ರೇಷ್ಮೆ ಸೀರೆಯ ಹೆಂಗಸರು ಅದರ ಮೇಲೆ ಹತ್ತಲು ನಾಚಿದರು, ಭಾವ ಬಿಡಲಿಲ್ಲ. ಮಂಗಳಾರತಿ ಆದ ಮೇಲೆ ಗ್ರೂಪ್ ಫೋಟೋ ಎಂಬ ನೆಪದಲ್ಲಿ ಹದಿಮೂರು ಜನರನ್ನು ಆ ನೀಲಿ ಆಯತದೊಳಗೆ ಕೈಕಾಲು ಸೇರಿಸಿ ತುರುಕಿದರು. ಅದೇ ಊರಿನಲ್ಲಿ ಕೆಲಸಕ್ಕಿರುವ ನಾನು ಮಧ್ಯದಲ್ಲಿದ್ದೆ. ಮೂಗಿನ ಮುಂದೆ ಯಾರದೋ ಮಲ್ಲಿಗೆ, ಬೆನ್ನ ಹಿಂದೆ ಯಾರದೋ ಹೊಟ್ಟೆ. ಭಾವ ಕೂಡಿಸಿ ನೋಡಿ, ಇನ್ನೂ ಹದಿನೆಂಟು ಕೆಜಿ ಕಡಿಮೆಯಿದೆ ಎಂದು ಅಡುಗೆಮನೆಯಿಂದ ಅಕ್ಕಿಯ ಮೂಟೆ ತಂದು ನನ್ನ ತಲೆಯ ಮೇಲಿಟ್ಟರು. ನೆಲ ಅಲುಗಲಿಲ್ಲ. ಫೋಟೋ ಅಧ್ಯಕ್ಷರಿಗೆ ಹೋಯಿತು. ಅವರು ಒಂದೇ ಪದದ ಉತ್ತರ ಬರೆದರು: "ಇಂಟ್ರೆಸಾಂಟ್." ಆಸಕ್ತಿದಾಯಕ ಎಂದು ಅದರ ಅರ್ಥ. ಸ್ವೀಡನ್ನಿನಲ್ಲಿ ಒಬ್ಬ ಸಭ್ಯ ಮನುಷ್ಯ ಇದಕ್ಕಿಂತ ಜೋರಾಗಿ ಇಲ್ಲ ಎನ್ನಲಾರ. ಕೊನೆಗೆ ಸಿವಿಲ್ ಎಂಜಿನಿಯರ್ ಬಂದು, ನೋಡಿ, ಸಹಿ ಹಾಕಿಕೊಟ್ಟು ಹೋದರು.

ಮರಳಿನ ಕಥೆ ಇನ್ನೊಂದು. ತೊಟ್ಟಿಯ ತಳಕ್ಕೆ ಹಾಕುವ ಹವಳದ ಮರಳನ್ನು ಮೊದಲು ಚೆನ್ನಾಗಿ ತೊಳೆಯಬೇಕು. ಅಕ್ಕ ಸ್ನಾನದ ಮನೆಗೆ ಮರಳು ಬಿಡಲಿಲ್ಲ. ಈ ದೇಶದಲ್ಲಿ ನೆಲಮಾಳಿಗೆಯಲ್ಲಿ ಇಡೀ ಕಟ್ಟಡಕ್ಕೆ ಸೇರಿ ಒಂದು ಬಟ್ಟೆ ಒಗೆಯುವ ಕೋಣೆ ಇರುತ್ತದೆ, ಅದಕ್ಕೆ ಸಮಯ ಬುಕ್ ಮಾಡಬೇಕು. ಇಲ್ಲಿನವರು ಸರ್ಕಾರ ಬಿದ್ದರೂ ಸಹಿಸುತ್ತಾರೆ, ಒಗೆಯುವ ಕೋಣೆ ಕೊಳೆಯಾದರೆ ಸಹಿಸುವುದಿಲ್ಲ. ಭಾವ ಮೂರು ಗಂಟೆ ಬುಕ್ ಮಾಡಿ, ಬಕೆಟ್‌ಗಟ್ಟಲೆ ಮರಳು ತೊಳೆದು, ನೆಲ ಗುಡಿಸಿ, ಒರೆಸಿ, ಒಂದು ಕಣವೂ ಉಳಿದಿಲ್ಲ ಎಂದು ಟಾರ್ಚ್ ಹಿಡಿದು ನೋಡಿಯೇ ಬಂದರು. ಮಾರನೆಯ ದಿನ ಲಿಫ್ಟಿನಲ್ಲಿ ಚೀಟಿ ಅಂಟಿತ್ತು: "ಯಾರೋ ತಮ್ಮ ಬೀಚನ್ನು ಇಲ್ಲಿ ಮರೆತು ಹೋಗಿದ್ದಾರೆ. ದಯವಿಟ್ಟು ತೆಗೆದುಕೊಂಡು ಹೋಗಿ." ಕೊನೆಯಲ್ಲಿ ಒಂದು ನಗುಮುಖದ ಚಿತ್ರ. ಆ ನಗುಮುಖ ಇದೆಯಲ್ಲ, ಅದಕ್ಕೆ ಹೆದರಬೇಕು. ಭಾವ ಕಟ್ಟಡದ ಉಳಿದ ಎಂಟು ಮನೆಗೂ ಹೋಗಿ ಕ್ಷಮೆ ಕೇಳಿ ಚಕ್ಕುಲಿ ಹಂಚಿ ಬಂದರು.

ಹೀಗೆ ನಾಲ್ಕು ವರ್ಷ ಕಳೆಯಿತು. ಪ್ಲಾನು ಬೆಳೆಯಿತು, ಮಗಳೂ ಬೆಳೆದಳು. ಈ ಜುಲೈನಲ್ಲಿ ಅನಘಾಳಿಗೆ ದೇಶದ ಉತ್ತರ ತುದಿಯ ಲುಲೆಯೊದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಹೊರಡುವುದಕ್ಕೆ ಉಳಿದದ್ದು ಆರೇ ವಾರ. ಹೊಸ ತೊಟ್ಟಿಯ ನೀರು ಪಕ್ವವಾಗಿ ಮೀನು ಬದುಕುವಂತಾಗಲು ಒಂದು ತಿಂಗಳಾದರೂ ಬೇಕು. ಅದೂ ಜುಲೈ ಬೇರೆ. ಇಡೀ ದೇಶ ಬಾಗಿಲು ಹಾಕಿಕೊಂಡು ಬೇಸಿಗೆ ಮನೆಗೆ ಹೋಗಿರುವ ಕಾಲ! ಹಾಗಿದ್ದೂ ನಾನೂ ಭಾವನೂ ಐದು ದಿನ ಬಿಡುವಿಲ್ಲದೆ ದುಡಿದು, ಗಾಜಿನ ತೊಟ್ಟಿ ತಂದು ಟೇಪಿನ ಜಾಗದಲ್ಲಿ ಕೂರಿಸಿ, ಪೈಪು ಜೋಡಿಸಿ, ಆರ್‌ಓ ನೀರು ಹಿಡಿದು, ಸಮುದ್ರದ ಉಪ್ಪು ಕದಡಿ, ಒಂದು ಶುಕ್ರವಾರ ಬೆಳಿಗ್ಗೆ ತೊಟ್ಟಿ ತುಂಬಿಸಿದೆವು.

ತುಂಬಿದ ನೀರಿಗೆ ಪೂಜೆ ಮಾಡದೆ ಇರುವುದುಂಟೆ? ಭಾವ ಸ್ನಾನ ಮಾಡಿ, ಪಂಚೆ ಉಟ್ಟು, ಗಾಜಿನ ಹೊರಗೆ ಅರಿಶಿನ ಕುಂಕುಮ ಇಟ್ಟರು. ಗಂಗೆ, ಯಮುನೆ, ಕಾವೇರಿಯರನ್ನೆಲ್ಲ ಆವಾಹಿಸಿ ಪಂಚಪಾತ್ರೆಯಿಂದ ಒಂದು ಉದ್ಧರಣೆ ನೀರು ಬಿಟ್ಟರು. ಎರಡನೆಯದು ಬಿಟ್ಟರು. ಮೂರನೆಯದು ಬಿಟ್ಟ ಕೈ ಗಾಳಿಯಲ್ಲೇ ನಿಂತಿತು. ಪಂಚಪಾತ್ರೆ ಅವರ ತಂದೆಯ ಕಾಲದ್ದು, ಅಪ್ಪಟ ತಾಮ್ರ. ತಾಮ್ರ ಹವಳಕ್ಕೆ ವಿಷ. ಒಂದು ಹಿತ್ತಾಳೆ ಸ್ಕ್ರೂ ಕೂಡ ನೀರಿನ ಹತ್ತಿರ ಸುಳಿಯದಂತೆ ನಾಲ್ಕು ವರ್ಷ ಕಾದ ಮನುಷ್ಯ ತಾನೇ, ಮಂತ್ರ ಹೇಳಿ, ಮೂರು ಚಮಚ ಹಾಕಿದ್ದರು.

ಮೀನಿನ ಅಂಗಡಿಯವನಿಗೆ ಫೋನ್ ಮಾಡಿದೆವು. ಆರುನೂರು ಲೀಟರಿಗೆ ಮೂರು ಚಮಚ ಏನೂ ಅಲ್ಲ, ಲುಗ್ನ್, ಅಂದರೆ ಆರಾಮಾಗಿರಿ ಎಂದ. ಭಾವ ಒಪ್ಪಲಿಲ್ಲ.

"ಅವನು ಲುಗ್ನ್ ಅಂದ, ಲೆಕ್ಕ ಹೇಳಲಿಲ್ಲ. ಇನ್ನೊಂದು ಸಲ ಅವಳ ಮುಂದೆ ಸತ್ತ ಮೀನು ತೆಗೆಯಕ್ಕೆ ನನ್ ಕೈಲಿ ಆಗಲ್ಲ ಕಣೋ" ಎಂದರು.

ಅಷ್ಟೂ ನದಿಗಳು ಸ್ನಾನದ ಮನೆಯ ಮೋರಿಯಲ್ಲಿ ಹರಿದುಹೋದವು. ಉಪ್ಪು ಮತ್ತೆ ತರಿಸಿ, ನೀರು ಮತ್ತೆ ಹಿಡಿದು ತುಂಬಿಸುವಷ್ಟರಲ್ಲಿ ಹತ್ತು ದಿನ ದಂಡ. ಎರಡನೆಯ ಸಲ ಗಂಗೆ ಇಳಿದದ್ದು ಐಸ್‌ಕ್ರೀಮಿನ ಪ್ಲಾಸ್ಟಿಕ್ ಚಮಚದಲ್ಲಿ. ಆಮೇಲೆ ಭಾವ ದಿನಕ್ಕೆರಡು ಸಲ ನೀರು ಪರೀಕ್ಷೆ ಮಾಡುತ್ತಾ ಕೂತರು. ಮಗಳು ಒಂದೊಂದೇ ಪೆಟ್ಟಿಗೆ ಕಟ್ಟುತ್ತಿದ್ದಳು. ಮೀನಿಗೆ ವಿಷವಾದ ಅಮೋನಿಯಾ ನೀರಿನಲ್ಲಿ ಇನ್ನೂ ಇತ್ತು. "ಮೀನು ಆಮೇಲೆ ತಂದರೂ ಪರವಾಗಿಲ್ಲ ಪಪ್ಪ, ವಿಡಿಯೋ ಕಳಿಸಿ" ಎಂದು ಅವಳು ಒಂದು ದಿನ ಹೇಳಿದಳಂತೆ. ಆವತ್ತು ಭಾವ ಊಟ ಸರಿಯಾಗಿ ಮಾಡಲಿಲ್ಲ ಎಂದು ಅಕ್ಕ ನನಗೆ ಹೇಳಿದಳು.

ಹೊರಡುವ ಹಿಂದಿನ ದಿನ, ಶನಿವಾರ, ಪರೀಕ್ಷೆಯ ನೀರು ಅಮೋನಿಯಾ ಸೊನ್ನೆ ಎಂದು ತೋರಿಸುವ ಬಣ್ಣಕ್ಕೆ ತಿರುಗಿತು. ಭಾವ ಮತ್ತೊಮ್ಮೆ ಪರೀಕ್ಷಿಸಿದರು. ನನಗೂ ತೋರಿಸಿದರು, ಅಕ್ಕನಿಗೂ ತೋರಿಸಿದರು. ಆಮೇಲೆ ಅಪ್ಪ ಮಗಳು ಅಂಗಡಿಗೆ ಓಡಿ, ಬಿಳಿ ಪಟ್ಟೆಯ ಎರಡು ಕಿತ್ತಳೆ ಬಣ್ಣದ ಮೀನು ತಂದರು. ಹೊಸ ನೀರು ಮೀನಿಗೆ ಹೊಂದುವವರೆಗೆ, ಅವು ಬಂದ ಚೀಲಕ್ಕೆ ತೊಟ್ಟಿಯ ನೀರನ್ನು ಸಣ್ಣ ಕೊಳವೆಯಿಂದ ಹನಿ ಹನಿಯಾಗಿ ಬಿಡಬೇಕು. ಅರ್ಧ ತುಂಬಿದ ಸೂಟ್‌ಕೇಸ್ ಹಾಗೇ ಬಿಟ್ಟು ಅನಘಾ ಒಂದೂವರೆ ಗಂಟೆ ಆ ಕೊಳವೆ ಹಿಡಿದು ಕೂತಳು. ಮೀನುಗಳು ತೊಟ್ಟಿಗೆ ಇಳಿದು, ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಕಲ್ಲಿನ ಸಂದಿಗೆ ಈಜಿದವು. ಅವಳು ಅಪ್ಪನ ಭುಜಕ್ಕೆ ತಲೆ ಆನಿಸಿದಳು. ಭಾನುವಾರ ಮಧ್ಯಾಹ್ನದ ರೈಲಿಗೆ ಅವಳು ಹೊರಟಳು.

ಸೋಮವಾರ ಸಂಜೆ ಆಫೀಸಿನಿಂದ ಹಾಗೇ ಅವರ ಮನೆಗೆ ಹೋದೆ. ಭಾವ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಇವರಿಗೆ ಇನ್ನು ಮಾಡಲು ಏನು ಉಳಿಯಿತು ಎಂದು ಚುಡಾಯಿಸಬೇಕೆಂದೇ ಹೋದವನು ನಾನು. ಮೀನು ಹೇಗಿವೆ ಎಂದು ಕೇಳಿದೆ. ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು. ತೊಟ್ಟಿಯ ಶಾಖವನ್ನು ತೋರಿಸುವ ಆ್ಯಪ್ ಅದು, ನೀರು ಇಪ್ಪತ್ನಾಲ್ಕು ಡಿಗ್ರಿಗಿಂತ ತಣ್ಣಗಾದರೆ ಫೋನು ಕೂಗಿಕೊಳ್ಳುತ್ತದಂತೆ. ಮೊದಲ ಸಾಲಿನಲ್ಲಿ "ಟ್ಯಾಂಕ್, 25.4" ಎಂದಿತ್ತು. ಅದರ ಕೆಳಗೆ ಊರಿನ ಹವೆ ತೋರಿಸುವ ಇನ್ನೊಂದು ಸಾಲು ಸೇರಿಸಿದ್ದರು. "ಅನಘಾ, ಲುಲೆಯೊ, 9" ಎಂದಿತ್ತು. ಎಷ್ಟಕ್ಕಿಂತ ತಣ್ಣಗಾದರೆ ಕೂಗಬೇಕು ಎಂದು ತುಂಬುವ ಜಾಗ ಖಾಲಿಯಾಗಿತ್ತು.

"ಮೀನಿಗೆ ಎಷ್ಟು ಇಡಬೇಕು ಅಂತ ಎಲ್ಲಾ ಕಡೆ ಬರೆದಿದಾರೆ. ಅವಳಿಗೆ ಎಷ್ಟು ಇಡಬೇಕು ಅಂತ ಗೊತ್ತಾಗ್ತಿಲ್ಲ ಕಣೋ. ಚಳಿಗಾಲದಲ್ಲಿ ಅಲ್ಲಿ ಮೈನಸ್ ಮೂವತ್ತು ಆಗತ್ತಂತೆ" ಎಂದರು.

ನಾಲ್ಕು ವರ್ಷ ಅವರನ್ನು ಗೇಲಿ ಮಾಡಿದ ನನಗೆ ಆಗ ಆ ಮನುಷ್ಯನನ್ನು ಅಪ್ಪಿಕೊಳ್ಳಬೇಕೆನಿಸಿತು. ಆದರೆ ನಮ್ಮಲ್ಲಿ ಭಾವಂದಿರನ್ನು ಅಪ್ಪಿಕೊಳ್ಳುವ ರೂಢಿಯಿಲ್ಲ. ಪಕ್ಕದಲ್ಲಿ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತೆ.

"ಖಾಲೀನೇ ಬಿಡಿ ಭಾವ. ಚಳಿ ಆದ್ರೆ ಅವಳೇ ಫೋನ್ ಮಾಡ್ತಾಳೆ" ಎಂದೆ.

ಹೂಂ ಎಂದು ತಲೆಯಾಡಿಸಿ ಫೋನು ವಾಪಸ್ ತೆಗೆದುಕೊಂಡರು. ಜೇಬಿಗೆ ಮಾತ್ರ ಹಾಕಲಿಲ್ಲ.